ಬೆಲೆ ಹೇಳಿದ ಅಣ್ಣ

ಮೊನ್ನೆ ನಮ್ಮ ಮನೆಯ ಮಿಕ್ಸಿ ಸುಟ್ಟುಹೋಯಿತು. ಚಟ್ನಿ ಅರ್ಧಕ್ಕೇ ನಿಂತಿತು, ಅಡುಗೆಮನೆ ತುಂಬಾ ಹೊಗೆ. "ಹೊಸದು ತಗೊಳಮ್ಮ" ಎಂದು ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು. ನಾನು ಕೇಳುವವಳೇ? ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಅಗ್ರಹಾರದ ಹತ್ತಿರ ಮೋಟಾರ್ ವೈಂಡಿಂಗ್ ಮಾಡುವವನ ಅಂಗಡಿಗೆ ಹೋದೆ. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು... ತಾಮ್ರದ ತಂತಿಗೆ ಬಳಿದ ವಾರ್ನಿಶ್ ಬಿಸಿಯೇರಿದಾಗ ಬರುವ, ಒಂದಿಷ್ಟು ಸಿಹಿ ಒಂದಿಷ್ಟು ಕಮಟು ವಾಸನೆ. ಅಂಗಡಿಯವನು ಏನೋ ಕೇಳುತ್ತಿದ್ದ. ನನಗೆ ಕೇಳಿಸಲಿಲ್ಲ. ಎಷ್ಟೋ ವರ್ಷದ ಹಿಂದಿನ ಒಮಾನಿನ ರುಸ್ತಾಕ್ ಊರು ಕಣ್ಣಮುಂದೆ ಬಂದು ನಿಂತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರಿಗೆ ರುಸ್ತಾಕಿನ ಆಸ್ಪತ್ರೆಯಲ್ಲಿ ಕೆಲಸ. ಮನೆ ಮಹಡಿಯ ಮೇಲೆ, ಕೆಳಗೆ ಅಂಗಡಿ ಸಾಲು. ನನ್ನ ಅಡುಗೆಮನೆಯ ನೇರ ಕೆಳಗೇ ಪಂಪು, ಮೋಟಾರು ರಿಪೇರಿ ಮಾಡುವ ಅಂಗಡಿ. ಬಂದ ವಾರವೇ ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಇಳಿದಿದ್ದೆ. "ಏನ್ರೀ ಇದು, ನನ್ನ ಸಾರೆಲ್ಲ ವಾರ್ನಿಶ್ ನಾತ ಹೊಡೀತಿದೆ!" ಎಂದು ಬರುವ ಅರೆಬರೆ ಹಿಂದಿಗೆ ಕನ್ನಡವನ್ನೂ ಬೆರೆಸಿ ಕೂಗಾಡಿದೆ. ಒಳಗೆ ನೆಲದ ಮೇಲೆ ಕೂತು ತಂತಿ ಸುತ್ತುತ್ತಿದ್ದ ಮನುಷ್ಯ ತಲೆ ಎತ್ತಿ, "ಅಕ್ಕ ಕನ್ನಡದವರಾ? ಹಾಗಾದ್ರೆ ಬೈಯಿರಿ, ಕೇಳ್ಲಿಕ್ಕೆ ಚಂದ ಉಂಟು" ಎಂದರು. ಇಂಥವರ ಹತ್ತಿರ ಜಗಳ ಆಡುವುದು ಹೇಗೆ?

ಉಡುಪಿ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಆದರೂ ನನ್ನನ್ನು ಅಕ್ಕ ಅನ್ನುವುದು ಬಿಡಲಿಲ್ಲ. ನಾನು ಅಣ್ಣ ಅನ್ನುತ್ತಿದ್ದೆ. ಬೇಸಿಗೆ ಬಂದರೆ ತೋಟದವರು ಪಿಕಪ್ಪುಗಳಲ್ಲಿ ಸುಟ್ಟ ಪಂಪುಗಳನ್ನು ಹೇರಿಕೊಂಡು ಬಂದು ಸಾಲು ನಿಲ್ಲುತ್ತಿದ್ದರು. ಎರಡು ದಿನ ನೀರಿಲ್ಲದಿದ್ದರೆ ಖರ್ಜೂರದ ಗಿಡಕ್ಕಿಂತ ಮೊದಲು ಅದರ ಯಜಮಾನ ಒಣಗುತ್ತಾನೆ ಎಂದು ಅಣ್ಣ ನಗುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಹೆಂಡತಿ ಊರಿನಲ್ಲಿ. ಆ ಅಂಗಡಿ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ.

ಅಂಗಡಿ ಇಬ್ಬರದ್ದು. ಇನ್ನೊಬ್ಬ ಪಾಲುದಾರ ಅಣ್ಣನ ತಂಗಿಯ ಗಂಡ. ಮಸ್ಕತ್ತಿನಲ್ಲಿ, ದಾರ್ಸೈಟಿನ ಫ್ಲ್ಯಾಟಿನಲ್ಲಿ ಸಂಸಾರ. ಸಾಮಾನು ತರಿಸುವುದು, ಬಿಲ್ಲು, ಆಫೀಸುಗಳ ಓಡಾಟ ಎಲ್ಲ ಅವರದ್ದು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಲೈಸೆನ್ಸು ಮಾತ್ರ ಕಫೀಲನ, ಅಂದರೆ ಅಲ್ಲಿನ ಕಾನೂನಿನಂತೆ ಇವರಿಗೆ ಜಾಮೀನು ನಿಂತ ಒಮಾನಿಯ ಹೆಸರಲ್ಲಿ. ಆತ ಆ ಊರಿನದೇ ತೋಟಗಾರ ಮುದುಕ. ವರ್ಷಗಟ್ಟಲೆ ಎಲ್ಲ ನೆಟ್ಟಗಿತ್ತು. ಆಮೇಲೆ ಅಗ್ಗದ ಹೊಸ ಪಂಪುಗಳು ಬಂದವು. ತಂಗಿಯ ಗಂಡನಿಗೆ ರಿಪೇರಿ ನಿಲ್ಲಿಸಿ ಹೊಸ ಪಂಪು ಮಾರುವ ಆಸೆ. ಅಣ್ಣನಿಗೆ ಆ ಮಾತು ಕೇಳಿದರೇ ಆಗುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ಒಬ್ಬರು ಅಂಗಡಿ ಇಟ್ಟುಕೊಳ್ಳಲಿ, ಇನ್ನೊಬ್ಬರು ಪಾಲಿನ ಹಣ ತೆಗೆದುಕೊಂಡು ಹೋಗಲಿ ಎಂದು ಕಫೀಲನೇ ಹೇಳಿದ.

ಊರಿನಲ್ಲಿ ಅವರ ಮನೆಗಳಲ್ಲಿ ಹಿಸ್ಸೆ ಆಗುವಾಗ ಒಂದು ಪದ್ಧತಿಯಂತೆ. ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಆಗ ಮೋಸಕ್ಕೆ ಜಾಗ ಇರುವುದಿಲ್ಲ. ಇಬ್ಬರೂ ಅದನ್ನೇ ಕರಾರು ಮಾಡಿಕೊಂಡರು. ಅಣ್ಣ ಅರ್ಧ ಪಾಲಿಗೆ ಒಂದು ಬೆಲೆ ಹೇಳಬೇಕು. ಆ ಬೆಲೆಗೆ ಅಣ್ಣನ ಪಾಲನ್ನು ಕೊಳ್ಳುವುದೋ, ಅದೇ ಬೆಲೆಗೆ ತನ್ನದನ್ನು ಕೊಟ್ಟುಬಿಡುವುದೋ, ಅದು ತಂಗಿಯ ಗಂಡನ ಇಷ್ಟ. ಸಾಕ್ಷಿಗೆ ನಮ್ಮ ಯಜಮಾನರನ್ನೂ ಕೂರಿಸಿಕೊಂಡು ಇಬ್ಬರೂ ಸಹಿ ಹಾಕಿದರು. "ಇದಕ್ಕಿಂತ ನ್ಯಾಯ ಎಂತದುಂಟು ಅಕ್ಕ?" ಎಂದು ಅಣ್ಣ ಸಂಭ್ರಮದಿಂದ ಹೇಳಿದರು. ನನಗೂ ಹೌದೆನಿಸಿತು.

ಆದರೆ ಅಣ್ಣನ ಕೈ ಬರಿದಾಗಿತ್ತು. ಕೆಳಗೆ ಗದ್ದಲ ಎಂದು ಅವರು ಫೋನ್ ಕಾರ್ಡು ಹಿಡಿದುಕೊಂಡು ನಮ್ಮ ಮನೆಗೆ ಬಂದು ಊರಿಗೆ ಮಾತಾಡುತ್ತಿದ್ದರು. ಹೆಂಡತಿಗೆ ಹಿಂದಿನ ವರ್ಷ ದೊಡ್ಡ ಆಪರೇಷನ್ ಆಗಿತ್ತು. ಇದ್ದದ್ದೆಲ್ಲ ಅದಕ್ಕೇ ಹೋಗಿ, ಬಳೆಗಳೂ ಬ್ಯಾಂಕು ಸೇರಿದ್ದವು. "ತಂಗಿಗೆ ಗೊತ್ತಾಗ್ಬಾರ್ದು, ಭಾವನಿಗಂತೂ ಗೊತ್ತಾಗ್ಲೇಬಾರ್ದು" ಎಂದು ಫೋನಿನಲ್ಲಿ ಹೆಂಡತಿಗೆ ಪದೇ ಪದೇ ಹೇಳುತ್ತಿದ್ದರು. ಹೆಣ್ಣು ಕೊಟ್ಟ ಮನೆಯವರು ಅಳಿಯನ ಎದುರು ಇಲ್ಲ ಅನ್ನಬಾರದಂತೆ. ತಂಗಿ ತಲೆ ತಗ್ಗಿಸಬೇಕಾಗುತ್ತದಂತೆ. ಹಾಳು ಮರ್ಯಾದೆ! ನನಗೆ ಈಗಲೂ ಮೈ ಉರಿಯುತ್ತದೆ.

ಹೀಗಾಗಿ ಅಣ್ಣ ಹೇಳಿದ್ದು ಅಂಗಡಿಯ ಬೆಲೆಯನ್ನಲ್ಲ, ತಾವು ಹೇಗೋ ಹೊಂದಿಸಬಹುದಾದ ಸಣ್ಣ ಮೊತ್ತವನ್ನು. ಕಫೀಲನ ಮನೆಯ ಮಜ್ಲಿಸಿನಲ್ಲಿ, ಬಂದವರನ್ನು ಕೂರಿಸುವ ಪಡಸಾಲೆಯಲ್ಲಿ ಕೂತು ಆ ಬೆಲೆ ಹೇಳಿದಾಗ ತಂಗಿಯ ಗಂಡನ ಮುಖ ಕೆಂಪಾಯಿತಂತೆ. ಆದರೂ ಅಣ್ಣನಿಗೆ ಧೈರ್ಯ. ಭಾವನಿಗೆ ತಂತಿ ಸುತ್ತುವುದು ಗೊತ್ತಿಲ್ಲ, ಮಸ್ಕತ್ತು ಬಿಟ್ಟು ಬರುವವರಲ್ಲ, ಆ ಮನುಷ್ಯ ಅಂಗಡಿ ಕಟ್ಟಿಕೊಂಡು ಏನು ಮಾಡುತ್ತಾರೆ? ತಂಗಿಯ ಗಂಡ ಕಾಫಿಯ ಬಟ್ಟಲು ಕೆಳಗಿಟ್ಟು ಒಂದೇ ಮಾತು ಹೇಳಿದರಂತೆ, "ನಾನು ತೆಗೊಳ್ತೇನೆ."

ಯಜಮಾನರು ಬಂದು ಇದನ್ನು ಹೇಳಿದಾಗ ನಾನು ಒಲೆ ಆರಿಸಿ ಕೂತುಬಿಟ್ಟೆ. ಅಂಗಡಿ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ದೇಶ ಬಿಡಬೇಕು. ಬೇಕಾದರೆ ಸಂಬಳಕ್ಕೆ ಇರಬಹುದು ಎಂದು ತಂಗಿಯ ಗಂಡ ಹೇಳಿಕಳಿಸಿದರು. ತಂಗಿಯ ಗಂಡನ ಕೈಕೆಳಗೆ ಸಂಬಳಕ್ಕೆ! ಅಣ್ಣ ಅದಕ್ಕೆ ಒಪ್ಪಲಿಲ್ಲ.

ಆಮೇಲೆ ಅವರು ಪಟ್ಟ ಪಾಡು ನೋಡುವ ಹಾಗಿರಲಿಲ್ಲ. ನಾನು ಕಳಿಸಿದ ಊಟದ ಡಬ್ಬಿ ಹಾಗೇ ವಾಪಸು ಬರುತ್ತಿತ್ತು. ಸುತ್ತಿದ ತಂತಿಯನ್ನೇ ಬಿಚ್ಚುವುದು, ಮತ್ತೆ ಸುತ್ತುವುದು. ಗಡ್ಡ ಬೆಳೆದು ಗುರುತು ಸಿಗದ ಹಾಗಾದರು. ಕಫೀಲನ ತೋಟಕ್ಕೆ ಹೋಗಿ ಕಾಲು ಹಿಡಿದರಂತೆ. ಮುದುಕ ಕೆಟ್ಟವನಲ್ಲ. ಅಣ್ಣನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು, "ಬೆಲೆ ಹೇಳಿದವನು ನೀನು. ನಾನು ಹೇಗೆ ಬದಲಿಸಲಿ? ಖಲಾಸ್" ಅಂದನಂತೆ. ಇದನ್ನೆಲ್ಲ ಅಣ್ಣನೇ ಬಂದು ನನಗೆ ಹೇಳಿದರು. "ಊರಲ್ಲಿ ನನಗೆಂತ ಉಂಟು ಅಕ್ಕ? ಈ ವಯಸ್ಸಲ್ಲಿ ಯಾರ ಅಂಗಡಿಯ ಬಾಗಿಲಲ್ಲಿ ಹೋಗಿ ನಿಲ್ಲಲಿ?" ಎಂದರು.

ಆಗ ಅಲ್ಲಿ ಗುರುವಾರ, ಶುಕ್ರವಾರ ವಾರದ ರಜೆ; ಒಂದು ಗುರುವಾರ ಮಸ್ಕತ್ತಿನಿಂದ ತಂಗಿ ಬಂದಳು. ಕೆಳಗೆ ಗಿರಾಕಿಗಳಿದ್ದರೆಂದು ನಮ್ಮ ಅಡುಗೆಮನೆಯಲ್ಲೇ ಅಣ್ಣ ತಂಗಿ ಕೂತರು. ಅವಳು ಬಂದಾಗಿನಿಂದ ಅಳುತ್ತಲೇ ಇದ್ದಳು. "ಅವರಿಗೆ ಅಂಗಡಿ ಬೇಡ ಅಣ್ಣ. ನೀನು ಹೇಳಿದ ಬೆಲೆ ಕೇಳಿ ಹೊಟ್ಟೆಗೆ ಬೆಂಕಿ ಬಿದ್ದಿದೆ. ಇಷ್ಟು ವರ್ಷ ದುಡಿದದ್ದಕ್ಕೆ ಇಷ್ಟೇನಾ ನನ್ನ ಬೆಲೆ ಅಂತ ಹೇಳ್ತಾ ಇದ್ದಾರೆ. ನಿಜ ಹೇಳು, ನಿನ್ನತ್ರ ಅಷ್ಟೇ ಇದ್ದದ್ದಾ?"

ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಹೇಳಿಬಿಡಿ ಅಣ್ಣ, ಹೇಳಿಬಿಡಿ ಎಂದು ಒಳಗೊಳಗೇ ಕೂಗುತ್ತಿದ್ದೆ.

"ನನಗೆಂತ ಕಮ್ಮಿ?" ಎಂದು ಅಣ್ಣ ನಕ್ಕರು. "ಅಂಗಡಿ ಅಷ್ಟೇ ಬೆಲೆ ಬಾಳುದು ಅಂತ ಹೇಳಿದೆ."

ಸುಳ್ಳು! ಬಾಯಿ ತೆರೆದರೆ ಸಾಕು ಅಂಗಡಿ ಉಳಿಯುತ್ತಿತ್ತು, ಬಾಯಿ ತೆರೆದು ಸುಳ್ಳು ಹೇಳಿದರು ಪುಣ್ಯಾತ್ಮ.

ತಂಗಿ ಹೊರಟಾಗ ನಾನು ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಓಡಿದೆ. ಆಪರೇಷನ್ನು, ಬಳೆ, ಫೋನು ಎಲ್ಲವನ್ನೂ ಅವಳಿಗೆ ಒದರಿಬಿಟ್ಟೆ. ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಮತ್ತೆ ಅಂಥ ದಿನ ಬಂದರೆ ಮತ್ತೆ ಹೇಳುತ್ತೇನೆ.

ಮರುದಿನ ಶುಕ್ರವಾರ ತಂಗಿಯ ಗಂಡ ತಾವೇ ಕಾರು ಓಡಿಸಿಕೊಂಡು ಬಂದರು. ನಾನೂ ನಮ್ಮ ಯಜಮಾನರೂ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆವು. ಅವರು ಒಳಗೆ ಹೋಗಿ ಅಣ್ಣನ ಎದುರು ನೆಲದ ಮೇಲೆಯೇ ಕೂತರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಭಾವ, ಕೈಯಲ್ಲಿಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಕರಾರು ಹರಿದು ಹಾಕುವ. ಅಂಗಡಿ ನೀವೇ ಇಟ್ಕೊಳ್ಳಿ. ನನ್ನ ಪಾಲು ಆದಾಗ ಕೊಡಿ."

ನನಗೆ ಹೋದ ಜೀವ ಬಂದ ಹಾಗಾಯಿತು. ಅಣ್ಣ ನಿಧಾನಕ್ಕೆ ತಲೆ ಎತ್ತಿದರು. ಮೊದಲು ನನ್ನನ್ನು ನೋಡಿದರು. ಆ ನೋಟ... ಬೇಡ, ಅದನ್ನು ಬರೆಯಲಾರೆ. ಆಮೇಲೆ ಭಾವನ ಕಡೆ ತಿರುಗಿದರು.

"ಯಾರು ಹೇಳಿದ್ದು ನಿಮಗೆ, ನನ್ನತ್ರ ಇಲ್ಲ ಅಂತ?"

"ಇವರೇ ಹೇಳಿದ್ರಲ್ಲ..." ಎಂದು ಅವರು ನನ್ನ ಕಡೆ ಕೈ ತೋರಿಸಿದರು.

"ಅಕ್ಕನಿಗೆ ತಪ್ಪಾಗಿ ಕೇಳಿದೆ. ನನಗೆ ದೇವರು ಬೇಕಾದಷ್ಟು ಕೊಟ್ಟಿದ್ದಾನೆ. ನಿಮ್ಮ ಪಾಲು ಅದಕ್ಕಿಂತ ಹೆಚ್ಚು ಬೆಲೆ ಬಾಳುದಿಲ್ಲ, ಅದಕ್ಕೇ ಹೇಳಿದ್ದು. ನೀವೇ ತೆಗೊಳ್ಳಿ ಅಂಗಡಿ. ನನಗೆ ಹೇಗೂ ಊರಿಗೆ ಹೋಗ್ಲಿಕ್ಕಿತ್ತು."

ಅಯ್ಯೋ ದೇವರೇ ಎಂದು ನಾನು ಬಾಯಿಬಿಟ್ಟೇ ಕೂಗಿದೆ. ತಂಗಿಯ ಗಂಡ ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ಆಮೇಲೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, "ಹಾಗಾದ್ರೆ ಹಾಗೇ ಆಗ್ಲಿ" ಎಂದು ಹೊರಟುಹೋದರು. ಕಾರಿನ ಸದ್ದು ತಿರುವಿನಲ್ಲಿ ಮಾಯವಾದ ಮೇಲೆ ಅಣ್ಣ ಅರ್ಧ ಸುತ್ತಿದ ಮೋಟಾರನ್ನು ಮಡಿಲಿಗೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹತ್ತಿರ ಹೋಗಲು ಧೈರ್ಯ ಬರಲಿಲ್ಲ, ಮೇಲೆ ಬಂದುಬಿಟ್ಟೆ.

ಹೊರಡುವ ದಿನ ಹೇಳಿ ಹೋಗಲು ಬಂದರು. ನನ್ನ ಮೇಲೆ ಕೋಪವಿರಲಿಲ್ಲ, ಅಥವಾ ತೋರಿಸಲಿಲ್ಲ. "ಇನ್ನು ನಿಮ್ಮ ಸಾರು ಘಮ್ ಅಂತದೆ ಅಕ್ಕ" ಅಂದರು. ನಾನು ನಗಲಿಲ್ಲ. ಊರಿನಲ್ಲಿ ಯಾರದೋ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ಕೂತರೆಂದು ಆಮೇಲೆ ಯಾರೋ ಹೇಳಿದರು. ನಾವೂ ಒಮಾನ್ ಬಿಟ್ಟೆವು. ಅಣ್ಣ ಒಂದೆರಡು ವರ್ಷ ಫೋನು ಮಾಡಿದರು, ಆಮೇಲೆ ನಂಬರು ಬದಲಾಯಿತೋ ಏನೋ... ಸಂಪರ್ಕ ತಪ್ಪಿಹೋಯಿತು.

ಮೊನ್ನೆ ವೈಂಡಿಂಗ್ ಅಂಗಡಿಯಿಂದ ಮನೆಗೆ ಬಂದವಳು ಸುಮ್ಮನೆ ಕೂರಲಾರದೆ, ಅವರಿವರನ್ನು ಕೇಳಿ ತಂಗಿಯ ನಂಬರು ಹುಡುಕಿದೆ. ಅವರೂ ಈಗ ಊರಿಗೆ ಬಂದು ನೆಲೆಸಿದ್ದಾರಂತೆ. ಫೋನು ಎತ್ತಿದ್ದು ಅವಳ ಗಂಡ. ನಾನು ಇಂಥವಳು ಎಂದ ಕೂಡಲೇ ಗುರುತು ಹಿಡಿದರು. ಅಣ್ಣ ಹೇಗಿದ್ದಾರೆ ಎಂದು ಕೇಳಿದೆ. ತೀರಿಹೋಗಿ ವರ್ಷದ ಮೇಲಾಯಿತಂತೆ.

"ಅಕ್ಕ, ಒಂದು ಕೇಳ್ಲಿಕ್ಕುಂಟು" ಎಂದರು ಅವರೇ. "ಆಗ ಅವರತ್ರ ನಿಜವಾಗಿ ಹಣ ಇರ್ಲಿಲ್ವಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅವತ್ತೇ ಹೇಳಿದ್ದೆನಲ್ಲ ಸ್ವಾಮಿ! ಒಂದು ಬಿಡಿಗಾಸು ಇರಲಿಲ್ಲ."

"ನೀವು ಹೇಳಿದ್ರಿ. ಅವರು ಉಂಟು ಅಂದ್ರು. ನಾನು ಅವರನ್ನೇ ನಂಬಿದ್ದು" ಎಂದರು. "ಕೈಯಲ್ಲಿದ್ದೂ ನನ್ನನ್ನು ಅಷ್ಟು ಅಗ್ಗ ಮಾಡಿದ್ರಲ್ಲ ಅಂತ... ಅದೇ ಸಿಟ್ಟಲ್ಲಿ ಅವರು ಸತ್ತಾಗಲೂ ನಾನು ಹೋಗ್ಲಿಲ್ಲ ಅಕ್ಕ. ಇವಳನ್ನೂ ಕಳಿಸ್ಲಿಲ್ಲ."

ಹಿಂದಿನಿಂದ ತಂಗಿ ಯಾರ ಫೋನೆಂದು ಕೇಳುತ್ತಿದ್ದಳು. ಅವರು ಅವಳಿಗೆ ಏನೂ ಹೇಳಲಿಲ್ಲ.