ಕೌದಿಯೊಳಗಿನ ಹಸಿರು ಸೀರೆ

ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಕೈಯಲ್ಲಿ ಮೊಬೈಲ್ ಇತ್ತು, ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಆಗ ಅದು ನನ್ನ ಕೈಯಲ್ಲಿ ಇರಬಾರದಿತ್ತು.

ಕಳೆದ ವಾರ ಟ್ರಂಕಿನ ತಳದಿಂದ ಒಂದು ಸಣ್ಣ ಕೌದಿ ತೆಗೆದು ಬಿಸಿಲಿಗೆ ಹರಡುವಾಗ, ಮಡಿಕೆಯೊಳಗಿಂದ ಲೋಬಾನದ ವಾಸನೆ ಬಂತು. ಆರು ವರ್ಷವಾದರೂ ಹೋಗಿಲ್ಲ. ಮಾಳಿಗೆಯ ಮೇಲೆ ಹಾಗೇ ಕುಳಿತುಬಿಟ್ಟೆ. ಆ ನಾಲ್ಕು ಇಪ್ಪತ್ತು ಮತ್ತೆ ಮೊದಲಿಂದ ಶುರುವಾಯಿತು...

ಕೌದಿ ಹೊಲಿದವರು ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ನಾವು ಅವರನ್ನು ಖಾಲಾ ಎನ್ನುತ್ತಿದ್ದೆವು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹರಡಿ ಸಾಲು ಸಾಲಾಗಿ ದಾರ ಎಳೆಯುವುದು ಅವರ ಬದುಕು. ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣ. ಕುಷ್ಟಗಿ, ತಾವರಗೇರಾ ಕಡೆಯಿಂದಲೂ ಜನ ಬಟ್ಟೆಯ ಗಂಟು ಹೊತ್ತು ಅವರ ಕಟ್ಟೆಗೆ ಬರುತ್ತಿದ್ದರು.

ಕೆಂಚಿ ನಮ್ಮ ನಾಯಿ. ಅದಕ್ಕಿಂತ ಅಕ್ಕನ ನಾಯಿ ಎನ್ನಬೇಕು. ಅಕ್ಕ ಮದುವೆಯಾಗಿ ಗಂಗಾವತಿಗೆ ಹೋದಾಗ ಕೆಂಚಿ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಅವ್ವ ಅಕ್ಕನ ಹಳೆಯ ಹಸಿರು ಸೀರೆಯೊಂದನ್ನು ಮಡಚಿ ಪಡಸಾಲೆಯ ಮೂಲೆಗೆ ಹಾಕಿದಳು. ಅದರೊಳಗೆ ಮೂತಿ ತೂರಿ ಮಲಗಿತು. ಮೂರು ವರ್ಷ ಅದೇ ಅದರ ಹಾಸಿಗೆ.

ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಾಗ ಕೆಂಚಿ ಅವಳ ಕಾಲು ಬಿಡಲೇ ಇಲ್ಲ. ಹೊಟ್ಟೆಗೆ ತಲೆ ಒತ್ತಿ ಕೂರುತ್ತಿತ್ತು. ಕೂಸು ಬಂದ ಮೇಲೆ ಹೇಗೆ ಎಂಬ ಚಿಂತೆ ನನಗೆ ಹತ್ತಿತು. ಮೊಬೈಲಿನಲ್ಲಿ ಓದಿ, ಕೂಸಿನ ಅಳು ಕೇಳಿಸಿ ರೂಢಿ ಮಾಡಿಸಬೇಕೆಂದು ತಿಳಿದುಕೊಂಡೆ. ಅಳು ಹಚ್ಚಿದರೆ ಕೆಂಚಿ ಮುಗಿಲಿಗೆ ಮುಖ ಮಾಡಿ ಊಳಿಟ್ಟಿತು. ಓಣಿಯೆಲ್ಲ ನಕ್ಕಿತು.

ಖಾಲಾ ಮಾತ್ರ ನಗಲಿಲ್ಲ. ಅವರು ಐದು ಹೊತ್ತು ನಮಾಜು ಮಾಡುವವರು. ನಾಯಿಯ ಜೊಲ್ಲು ತಾಗಿದರೆ ಬಟ್ಟೆ ಬದಲಿಸಬೇಕೆಂದು, ಸೀರೆ ಎತ್ತಿ ಹಿಡಿದೇ ನಮ್ಮ ಅಂಗಳ ದಾಟುತ್ತಿದ್ದರು. ಆದರೂ ಕೆಂಚಿಗೆ ಕಲಿಸಿದ್ದು ಅವರೇ, ಒಮ್ಮೆಯೂ ಮುಟ್ಟದೆ. ಚಿಂದಿ ತುಂಬಿ ಒಂದು ಅರಿವೆಯ ಕೂಸು ಮಾಡಿ ತಂದರು. ದಿನಾ ಇಳಿಹೊತ್ತು ಬಂದು ಅದಕ್ಕೆ ಎಣ್ಣೆ ಸವರಿ, ಲೋಬಾನದ ಹೊಗೆ ಕೊಟ್ಟು, ತೊಟ್ಟಿಲಿಗೆ ಹಾಕಿ ತೂಗುತ್ತಿದ್ದರು. ಕೆಂಚಿ ಹೊಸ್ತಿಲ ಆಚೆ ಸುಮ್ಮನೆ ಮಲಗಿದರೆ ಒಂದು ಚೂರು ರೊಟ್ಟಿ ಎಸೆಯುತ್ತಿದ್ದರು. ಹೊಸ್ತಿಲು ದಾಟಿದರೆ ತೂಗುವುದು ನಿಲ್ಲಿಸಿ ಬೆನ್ನು ತಿರುಗಿಸಿ ಕೂರುತ್ತಿದ್ದರು. ಅಷ್ಟೇ ಶಿಕ್ಷೆ.

"ನಿಮಗೂ ಹುಚ್ಚು ಹಿಡದೈತೇನ್ರಿ? ಅರಿವಿ ಗಂಟಿಗೆ ಜೋಗುಳ ಹಾಡಾಕ ಹತ್ತೀರಿ," ಎಂದು ಅವ್ವ ಕಾಡಿದರೆ, ಖಾಲಾ ತೊಟ್ಟಿಲು ತೂಗುತ್ತಲೇ, "ನನ್ನ ಮೊಮ್ಮಗ ಭಾಳ ಛಲೋ ಅದಾನ್ರಿ ಅಕ್ಕಾರ. ಅಳಂಗಿಲ್ಲ, ಉಚ್ಚಿ ಹೊಯ್ಯಂಗಿಲ್ಲ. ನಿಮ್ಮ ಮೊಮ್ಮಗ ಹೆಂಗ ಬರ್ತಾನೋ ನೋಡೋಣು," ಎನ್ನುತ್ತಿದ್ದರು.

ಒಂದು ತಿಂಗಳಲ್ಲಿ ಕೆಂಚಿ ಹೊಸ್ತಿಲು ದಾಟುವುದನ್ನು ಬಿಟ್ಟಿತು.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತಾಗಿಸುವುದಿಲ್ಲ. ಮನೆಯವರು ಉಟ್ಟು ಹಳೆಯದಾದ, ತೊಳೆದು ತೊಳೆದು ಮೆತ್ತಗಾದ ಬಟ್ಟೆಯೇ ಬೇಕು. ಕೌದಿಗೆ ಅಕ್ಕನ ಹಳೆಯ ಸೀರೆ ಹುಡುಕು ಎಂದು ಅವ್ವ ನನಗೆ ಹೇಳಿದಳು. ಟ್ರಂಕಿನಲ್ಲಿ ಇದ್ದವೆಲ್ಲ ಒರಟು. ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿದ್ದದ್ದು ಕೆಂಚಿಯ ಕೆಳಗಿತ್ತು. ಅದನ್ನು ಎಳೆದುಕೊಂಡು ಎರಡು ಸಲ ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ, ಒಗೆದು, ಒಣಗಿಸಿದೆ. ಕೆಂಚಿಗೆ ಒಂದು ಗೋಣಿಚೀಲ ಹಾಸಿದೆ. ಖಾಲಾ ಕೈಗೆ ಕೊಡುವಾಗ, "ಅಕ್ಕನ ಹಳಿ ಸೀರಿ ರೀ ಖಾಲಾ," ಎಂದೆ. ಸುಳ್ಳಲ್ಲ. ಆದರೆ ಅದು ಎಲ್ಲಿತ್ತೆಂದು ಹೇಳಿದರೆ ಅವರು ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು.

ಆಮೇಲೆ ಎಷ್ಟೋ ದಿನ ಕೆಂಚಿ ಮೂಲೆಮೂಲೆ ಮೂಸುತ್ತಾ ತಿರುಗಿತು. ಕೂಸು ಬರುವುದು ಅದಕ್ಕೆ ತಿಳಿದಿದೆ ಎಂದುಕೊಂಡೆವು... ಡಿಗ್ರಿ ಓದಿದವಳು ನಾನು. ಅದು ಏನು ಹುಡುಕುತ್ತಿದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಗಂಡು ಕೂಸು ಹುಟ್ಟಿತು. ಮನೆಗೆ ಬಂದ ಹನ್ನೆರಡು ದಿನ ಕೆಂಚಿ ಹೊಸ್ತಿಲ ಆಚೆಯೇ ಇತ್ತು. ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿದ ಮರುದಿನ ಖಾಲಾ ಕೊಟ್ಟ ಕೌದಿಯನ್ನು ಮೊದಲ ಸಲ ನೆಲಕ್ಕೆ ಹಾಸಿ ಕೂಸನ್ನು ಮಲಗಿಸಿದೆವು. ಅವ್ವ ಹೊಗೆಗೆಂದು ಕೆಂಡ ತರಲು ಒಳಗೆ ಹೋಗಿದ್ದಳು. ಅಕ್ಕ ಬಚ್ಚಲಲ್ಲಿ. ನೋಡಿಕೋ ಎಂದು ನನಗೆ ಹೇಳಿದ್ದರು. ನಾನು ಮೊಬೈಲ್ ನೋಡುತ್ತಿದ್ದೆ.

ತಲೆಯೆತ್ತಿದಾಗ ಕೆಂಚಿ ಕೌದಿಯ ಅಂಚನ್ನು ಕಚ್ಚಿ ಹಿಂದೆ ಹಿಂದೆ ಸರಿಯುತ್ತಿತ್ತು. ಕೌದಿಯ ಜೊತೆ ಕೂಸೂ ಜಾರುತ್ತಿತ್ತು. ಹೊಸ್ತಿಲ ಆಚೆ ಎರಡು ಕಲ್ಲಿನ ಮೆಟ್ಟಿಲು. ನಾನು ಈ ಕಡೆಯ ಅಂಚು ಹಿಡಿದೆ. ಅದು ಗುರುಗುಟ್ಟಿ ಇನ್ನೂ ಬಿಗಿಯಾಗಿ ಎಳೆಯಿತು. ಎಳೆದಾಟಕ್ಕೆ ಕೂಸು ಮಗ್ಗುಲಾಗಿ ಹೊರಳಿ ಕಲ್ಲಿಗೆ ಗೇಣು ದೂರ ಬಂತು. ಬಿಟ್ಟರೆ ಮೆಟ್ಟಿಲು, ಎಳೆದರೆ ಹೊರಳುತ್ತದೆ. ಕೂಸನ್ನು ಎತ್ತಿಕೊಳ್ಳಬಹುದಿತ್ತು. ಇವತ್ತಿಗೂ ದಿನಾ ಮನಸ್ಸಿನಲ್ಲಿ ಎತ್ತಿಕೊಳ್ಳುತ್ತೇನೆ. ಅಂದು ಕೈ ಬರಲಿಲ್ಲ.

ದಿನದಂತೆ ಹೊಗೆ ಹಾಕಲು ಬಂದ ಖಾಲಾ ಅಂಗಳದಿಂದಲೇ ನೋಡಿದರು. ಸೀರೆ ಎತ್ತಿ ಹಿಡಿಯಲಿಲ್ಲ. ನೇರ ಬಂದು ಕೆಂಚಿಯ ಮಗ್ಗುಲಿಗೆ ಕುಕ್ಕರಿಸಿ, ಬಲಗೈಯನ್ನು ಅದರ ಬಾಯೊಳಗೆ ತುರುಕಿದರು.

"ಬಿಡು ಬೇಟಾ. ಬಿಡು," ಎಂದರು. ತೊಟ್ಟಿಲು ತೂಗುವಾಗಿನಷ್ಟೇ ಮೆಲ್ಲಗೆ.

ಕೌದಿ ಬಿಟ್ಟಿತು. ಅಷ್ಟರಲ್ಲಿ ಹಲ್ಲು ಅವರ ತೋರುಬೆರಳಿನ ಗೆಣ್ಣಿನಲ್ಲಿ ಇಳಿದಿತ್ತು. ಕೂಸಿಗೆ ಒಂದು ಗೀರೂ ಇರಲಿಲ್ಲ.

ಕೆಂಚಿಗೆ ಲಸಿಕೆ ಆಗಿದ್ದರೂ ಖಾಲಾಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿದೆವು. ಅಂದು ರಾತ್ರಿಯಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹಿತ್ತಲಲ್ಲಿ ಕಟ್ಟಿದ ಕೆಂಚಿ ನರಳುತ್ತಿತ್ತು, ಅದಕ್ಕೆ ಕೂಸು ಏಳುತ್ತಿತ್ತು, ಅಕ್ಕ ಕೂಸನ್ನು ಎದೆಗೆ ಅವಚಿ ಗೋಡೆಗೊರಗಿ ಕೂತಿರುತ್ತಿದ್ದಳು. ಗಂಗಾವತಿಯಿಂದ ಭಾವ ಫೋನು ಮಾಡಿ, ಭಾನುವಾರ ಗಾಡಿ ತಂದು ಕೆಂಚಿಯನ್ನು ಅಲ್ಲಿ ಹತ್ತಿರದ ಮರಳಿ ಊರಿನ ಗದ್ದೆಗೆ ಬಿಟ್ಟುಬರುತ್ತೇನೆ ಎಂದರು. ಅವ್ವ ಹೂಂ ಎಂದಳು.

ಮೂರನೆಯ ದಿನ ಖಾಲಾ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು, ಕೌದಿ ತೊಡೆಯ ಮೇಲೆ ಹರಡಿ, ಕಚ್ಚಿದ ಅಂಚನ್ನು ತಿರುವಿ ತಿರುವಿ ನೋಡಿದರು. ಅಲ್ಲಿ ಮೇಲಿದ್ದದ್ದು ಹಸಿರು ಸೀರೆ.

"ಈ ಸೀರಿ ಎಲ್ಲಿತ್ತು? ಖರೇ ಹೇಳು."

"ಕೆಂಚಿ ಹಾಸಿಗಿ ಇತ್ರಿ ಖಾಲಾ..."

ಅವರ ಕೈ ಬಟ್ಟೆಯಿಂದ ಹಿಂದೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ಹೇಳಿದ್ರ ನಾ ಹೊಲಿಯಂಗಿಲ್ಲಂತ ಅಂಜಿದಿ. ಹೊಲಿತಿದ್ದಿಲ್ಲ, ಖರೇನ. ಆದ್ರ ಮೋಸ ಆಗಿದ್ದು ನನಗಲ್ಲ ಬೇಟಾ. ಅದು ಕೂಸಿನ ಮ್ಯಾಲ ಬಂದಿಲ್ಲ, ತನ್ನ ಹಾಸಿಗಿ ಒಯ್ಯಾಕ ಬಂದೈತಿ. ತಿಂಗಳು ಪೂರ್ತಿ ಅದಕ್ಕ ಎಲ್ಲಾ ಕಲಿಸಿದ್ವಿ. ಇದೊಂದು ಹೇಳಲಿಲ್ಲ."

ಅಲ್ಲೇ ಕೂತು ಎಡಗೈಯಿಂದ ಹೊಲಿಗೆ ಬಿಚ್ಚತೊಡಗಿದರು. ಹಸಿರನ್ನೆಲ್ಲ ಬೇರೆ ಮಾಡಿ, ನಾಯಿಯಷ್ಟಗಲದ ಒಂದು ಸಣ್ಣ ಕೌದಿ ಮಾಡಿದರು. ಕೂಸಿನದಕ್ಕೆ ನಮ್ಮ ಅಪ್ಪನ ಹಳೆಯ ಧೋತರ ಸೇರಿಸಿ ಮತ್ತೆ ಹೊಲಿದರು. ಶನಿವಾರ ಸಂಜೆ ಮುಗಿಯಿತು.

ಭಾನುವಾರ ಭಾವ ಗಾಡಿ ತಂದಾಗ ಕೆಂಚಿ ಹೊಸ್ತಿಲ ಆಚೆ ತನ್ನ ಹಸಿರಿನ ಮೇಲೆ ಮಲಗಿತ್ತು. ಒಳಗೆ ಕೂಸು ಕಿರುಚಿ ಅಳುತ್ತಿತ್ತು. ಅದು ಕಿವಿ ಎತ್ತಿ, ಮತ್ತೆ ಇಳಿಸಿತು. ಖಾಲಾ ರೊಟ್ಟಿ ಎಸೆದರು. ಭಾವ ಕತ್ತಲಾಗುವವರೆಗೆ ಕೂತು ನೋಡಿ, ಗಾಡಿ ಖಾಲಿಯೇ ಒಯ್ದರು. ಕೂಸನ್ನು ನೆಲಕ್ಕೆ ಮಲಗಿಸಿದಾಗ ಬಾಗಿಲಿಗೆ ಅಗುಳಿ ಹಾಕಬೇಕು, ಒಬ್ಬರು ಮಗ್ಗುಲಲ್ಲೇ ಇರಬೇಕು ಎಂದು ಮಾತು ತೆಗೆದುಕೊಂಡೇ ಹೋದರು. ಆಮೇಲೆ ನಾನು ಕೂಸಿನ ಬಳಿ ಮೊಬೈಲ್ ಹಿಡಿಯಲಿಲ್ಲ.

ಕೆಂಚಿ ಹೋದ ವರ್ಷ ಸತ್ತಿತು. ಹಸಿರು ಕೌದಿಯನ್ನು ಅದರ ಜೊತೆಗೇ ಮಣ್ಣು ಮಾಡಿದೆವು. ಟ್ರಂಕಿನಲ್ಲಿ ಉಳಿದದ್ದು ಕೂಸಿನದು. ಬಿಸಿಲಲ್ಲಿ ಹರಡಿದರೆ ಕಾಣುತ್ತದೆ: ಅರ್ಧದವರೆಗೆ ಅಕ್ಕಿಕಾಳಿನ ಹೊಲಿಗೆ, ಅಲ್ಲಿಂದ ಆಚೆ ಬೆರಳಿನ ಗೆಣ್ಣಿನಷ್ಟು ಉದ್ದ, ಸೊಟ್ಟ. ಆ ತೋರುಬೆರಳು ಮತ್ತೆ ಪೂರ್ತಿ ಮಡಚಲಿಲ್ಲ. ಕುಷ್ಟಗಿಯವರು ಗಂಟು ತಂದರೆ, ಕಣ್ಣು ಮಂಜಾಗ್ಯಾವ ಎಂದು ಖಾಲಾ ಕಳಿಸಿಬಿಡುತ್ತಿದ್ದರು. ಅವರ ಕಣ್ಣು ಚೆನ್ನಾಗಿಯೇ ಇದ್ದವು. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿದರೆ ಬೀದಿಯಿಂದಲೇ ಗುರುತು ಹಿಡಿದು ಮಾತಾಡಿಸುತ್ತಿದ್ದರು.

ಖಾಲಾ ತೀರಿಕೊಂಡು ಎರಡು ವರ್ಷ. ಅಂದು ದುಃಖದಲ್ಲಿದ್ದ ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಸೊಸೆ ಒಂದು ಸಂಗತಿ ಹೇಳಿದಳು. ಕೆಂಚಿ ಕಚ್ಚಿದ ಆ ವಾರವೆಲ್ಲ ಖಾಲಾ ರಾತ್ರಿ ಕೈನೋವಿಗೆ ಎಚ್ಚರ ಇದ್ದಾರೆಂದು ಮನೆಯವರು ಮಾತ್ರೆ ಕೊಡುತ್ತಿದ್ದರಂತೆ. ಆದರೆ ಅವರು ನಮ್ಮ ಮನೆಯ ಕಡೆಯ ಗೋಡೆಗೆ ಕಿವಿಯಿಟ್ಟು ಕೂತಿರುತ್ತಿದ್ದರಂತೆ.

"ಗಾಡಿ ಖಾಲಿ ಹೋದ ಆ ಐತಾರ ರಾತ್ರಿ ನಿಮ್ಮ ಮನಿ ಸಪ್ಪಳ ನಿಂತ್ತು ನೋಡ್ರಿ," ಎಂದಳು ಸೊಸೆ, "ಮಲಗ್ಯಾರ ಎಲ್ಲಾರೂ ಅಂದ್ರು. ಆಮ್ಯಾಲ ಅತ್ತಿ ಮಲಗಿದ್ರು."