ಸಾಹೇಬರ ವಾಚು ನನ್ನ ಕೈಯಲ್ಲಿತ್ತು

ನಸೀಮಾ ಟೀಚರ್, ನಿಮ್ಮ ತಂದೆ ಕೊನೆಯ ಎರಡು ತಿಂಗಳು ನಡೆಯಲೇ ಇಲ್ಲ. ನಿಮ್ಮ ಫೋನಿಗೆ ದಿನಾ ಸಂಜೆ ಬರುತ್ತಿದ್ದ ಹೆಜ್ಜೆಗಳು ಅವರವಲ್ಲ, ನನ್ನವು. ಅವರ ವಾಚನ್ನು ನನ್ನ ಕೈಗೆ ಕಟ್ಟಿಕೊಂಡು ನಾನು ಓಡಾಡುತ್ತಿದ್ದೆ.

ಇಷ್ಟನ್ನು ಬರೆಯಲು ಮೂರು ವರ್ಷ ಬೇಕಾಯಿತು. ಈಗಲೂ ಒಂದೆಡೆ ಕೂತು ಬರೆಯಲಾಗುತ್ತಿಲ್ಲ — ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ಆಗಲೇ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ನಿಮಗೆ ನೆನಪಿದ್ದೀತು — ಮರೆವಿನ ಕಾಯಿಲೆಯವರಿಗಾಗಿ ಶಾಮನೂರಿನಲ್ಲಿ ನಡೆಯುವ ನಮ್ಮ ಆರೈಕೆ ಮನೆಗೆ ಸಾಹೇಬರನ್ನು ಕರೆತಂದ ದಿನ, ಹರಿಹರಕ್ಕೆ ವಾಪಸು ಹೊರಡುವ ಮುಂಚೆ ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. "ರೇಣುಕಮ್ಮ, ಅಬ್ಬಾ ಏನ್ ಮರೆತ್ರೂ ನಡಿಯೋದು ಮರಿಬಾರದ್ರಿ. ನಡಿಯೋದು ನಿಂತ್ರೆ ಅವ್ರು ಉಳಿಯಂಗಿಲ್ಲ" ಎಂದಿರಿ. ಮಂಡಿಪೇಟೆಯಲ್ಲಿ ನಲವತ್ತು ವರ್ಷ ಗೋಣಿಚೀಲ, ಹಗ್ಗದ ವ್ಯಾಪಾರ ಮಾಡಿದವರು. ಅಂಗಡಿಯಲ್ಲಿ ಕೂತಿದ್ದಕ್ಕಿಂತ ಬೀದಿಯಲ್ಲಿ ನಡೆದದ್ದೇ ಹೆಚ್ಚು ಎಂದು ನೀವೇ ಹೇಳಿದ್ದಿರಿ. ನಾನು ತಲೆಯಾಡಿಸಿದೆ. ಎಷ್ಟು ಸಲೀಸಾಗಿ ತಲೆಯಾಡಿಸಿದೆ!

ನಮ್ಮಲ್ಲಿ ಎಲ್ಲರ ಕೈಗೂ ಕಟ್ಟುತ್ತಿದ್ದ, ಹೆಜ್ಜೆ ಎಣಿಸುವ ಆ ವಾಚು ಬಂದದ್ದೇ ಒಳ್ಳೆಯದಕ್ಕೆ. ಯಾರು ಎಷ್ಟು ನಡೆದರು, ಎಷ್ಟು ನಿದ್ದೆ ಮಾಡಿದರು ಎಲ್ಲವೂ ಆಫೀಸಿನ ಟ್ಯಾಬ್‌ನಲ್ಲಿ ಕಾಣುತ್ತಿತ್ತು, ಮನೆಯವರ ಫೋನಿಗೂ ಹೋಗುತ್ತಿತ್ತು. ಮೂರು ದಿನ ಹೆಜ್ಜೆ ಕಡಿಮೆಯಾದರೆ ಆ ಹೆಸರು ಕೆಂಪಾಗುತ್ತಿತ್ತು. ಕೆಂಪಾದರೆ ಡಾಕ್ಟರು, ವ್ಯಾಯಾಮ ಮಾಡಿಸುವವರು ಬಂದು ಕಾರಣ ಹುಡುಕಬೇಕು. ತಮಗೇನಾಗಿದೆ ಎಂದು ಬಾಯಿಬಿಟ್ಟು ಹೇಳಲಾರದವರ ಪರವಾಗಿ ಅದು ಹೇಳುತ್ತಿತ್ತು. ಅದರ ಬಾಯಿಯನ್ನೇ ನಾನು ಕಟ್ಟಿದೆ.

ಒಂದು ಬೆಳಿಗ್ಗೆ ಸಾಹೇಬರು ಕೋಣೆಯ ಬಾಗಿಲವರೆಗೆ ಬಂದು ನಿಂತುಬಿಟ್ಟರು. ಕೈ ಹಿಡಿದು ಕರೆದೆ. ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, "ಬ್ಯಾಡ ಬೇಟಿ, ಅಲ್ಲಿ ಬಾವಿ ಐತೆ" ಎಂದರು. ನಾನು ನಕ್ಕೆ. ಮನೆಯೊಳಗೆ ಎಲ್ಲಿಯ ಬಾವಿ? ಮರುದಿನವೂ ಅದೇ, ಅದರ ಮರುದಿನವೂ ಅದೇ. ವಾಚನ್ನೂ ಕಿತ್ತು ಹಾಸಿಗೆಯ ಮೇಲೆ ಎಸೆಯತೊಡಗಿದರು. ಆ ವಾರದಲ್ಲೇ ಇನ್ನೊಬ್ಬರ ಹೆಸರು ಕೆಂಪಾಗಿ ಮ್ಯಾನೇಜರ್ ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು — ಇಲ್ಲ, ಅದನ್ನು ಇಲ್ಲಿ ಬರೆಯಬಾರದು. ಹನ್ನೊಂದು ಜನರನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೆ ಎಂದೂ ಬರೆದಿದ್ದೆ, ಹೊಡೆದುಹಾಕಿದೆ. ಮಿಕ್ಕ ಹತ್ತು ಜನರ ವಾಚು ಅವರವರ ಕೈಯಲ್ಲೇ ಇತ್ತಲ್ಲ.

ಆ ವಾಚನ್ನು ಎತ್ತಿ, ಬಳೆಗಳ ಹಿಂದೆ ಕಟ್ಟಿಕೊಂಡು, ಅಂಗಿಯ ತೋಳು ಇಳಿಬಿಟ್ಟೆ. ಅಡುಗೆಮನೆ, ಬಚ್ಚಲು, ಬಟ್ಟೆ ಒಣಗಿಸುವ ಮಾಳಿಗೆ — ಮಧ್ಯಾಹ್ನದೊಳಗೆ ಸಾಹೇಬರು ಮೂರು ಸಾವಿರ ಹೆಜ್ಜೆ ನಡೆದಾಗಿತ್ತು. ಒಮ್ಮೆ ಬಿಚ್ಚಿಡುವುದನ್ನೇ ಮರೆತು ಸಂತೆಗೆ ಹೋಗಿ ಬಂದೆ. ಹನ್ನೊಂದು ಸಾವಿರ! ನೀವು ಫೋನ್ ಮಾಡಿ, "ಏನ್ರಿ ರೇಣುಕಮ್ಮ, ಅಬ್ಬಾ ಇವತ್ತು ಹರಿಹರಕ್ಕೇ ನಡ್ಕೊಂಡ್ ಬರ್ತಾರೇನ್ರಿ?" ಎಂದು ನಕ್ಕಿರಿ. ನಾನೂ ನಕ್ಕೆ. ಸುಳ್ಳೇಕೆ ಹೇಳಲಿ — ನಿಮ್ಮ ಆ ನಗು ನನಗೆ ಹಿತವಾಗಿತ್ತು. ಅದಕ್ಕಾಗಿಯೇ ಮರುದಿನವೂ ಕಟ್ಟಿಕೊಂಡೆ.

ಭಾನುವಾರ ನೀವು ಬಂದಾಗ ಅವರು ಕುರ್ಚಿಯಲ್ಲಿರುತ್ತಿದ್ದರು, ವಾಚು ಅವರ ಕೈಯಲ್ಲಿರುತ್ತಿತ್ತು. ಕಾಲು ಸಣ್ಣಗಾಗಿವೆ ಎಂದು ನಿಮಗೆ ಒಮ್ಮೆ ಅನುಮಾನ ಬಂತು. ಪಾದದ ಮೇಲೆ ಕೈಯಿಟ್ಟು ನನ್ನತ್ತ ನೋಡಿದಿರಿ. ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಈಗ ತಾನೆ ಸುತ್ತಾಡಿ ಬಂದು ಕೂತಾರ್ರಿ ಟೀಚರ್, ದಣಿದಾರೆ, ಅಷ್ಟೆ." ನೀವು ಟ್ಯಾಬ್ ನೋಡಿದಿರಿ. ಟ್ಯಾಬೂ ಹೌದೆಂದಿತು. ಡಾಕ್ಟರೂ ಅದನ್ನೇ ನೋಡಿ, ಕಾಲಿಗೇನೂ ತೊಂದರೆಯಿಲ್ಲವೆಂದು ಮುಂದಿನ ಕೋಣೆಗೆ ಹೋಗುತ್ತಿದ್ದರು.

ಎರಡು ತಿಂಗಳು. ಕಾಲು ಸೋತವು, ಆಮೇಲೆ ಹಾಸಿಗೆ, ಆಮೇಲೆ ಎದೆಯಲ್ಲಿ ಕಫ. ಅದನ್ನು ನೀವು ಬಲ್ಲಿರಿ.

ನಿಮಗೆ ತಿಳಿಯದ್ದು ಇದು. ಅವರು ಹೋದ ಮರುವರ್ಷ ನಮಗೆ ತರಬೇತಿ ಕೊಡಲು ಒಬ್ಬ ಸಿಸ್ಟರ್ ಬಂದರು. ಸಾಹೇಬರಿದ್ದ ಕೋಣೆಯ ಬಾಗಿಲಲ್ಲಿ ಹಾಸಿದ್ದ ಕಪ್ಪು ರಬ್ಬರ್ ಮ್ಯಾಟ್ ಕಂಡವರೇ ಅಲ್ಲೇ ನಿಂತರು. "ಇದನ್ನ ಯಾರು ಹಾಕಿದ್ರು? ಈ ಕಾಯಿಲೆ ಇರೋರಿಗೆ ಕಪ್ಪು ಮ್ಯಾಟ್ ಗುಂಡಿ ಥರ ಕಾಣ್ತದೆ, ದಾಟೋಕೆ ಹೆದರ್ತಾರೆ" ಎಂದರು.

ಟೀಚರ್, ಆ ಮ್ಯಾಟ್ ಹಾಸಿದವಳು ನಾನು. ನೆಲ ಒರೆಸಿದಾಗ ಯಾರೂ ಜಾರದಿರಲಿ ಎಂದು. ಸಾಹೇಬರು ಮೊದಲ ಸಲ ಬಾಗಿಲಲ್ಲಿ ನಿಂತ ದಿನದ ಹಿಂದಿನ ಸಂಜೆ. ಅವರು ಬಡಬಡಿಸುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದರು, ಬೀಳುವ ಭಯದಲ್ಲಿ ನನ್ನನ್ನು ಬೇಡಿಕೊಳ್ಳುತ್ತಿದ್ದರು, ನಾನು ನಗುತ್ತಿದ್ದೆ. ಹೆಸರು ಕೆಂಪಾಗಲು ಬಿಟ್ಟಿದ್ದರೆ ನಾಲ್ಕನೆಯ ದಿನವೇ ಯಾರಾದರೂ ಬಂದು ನೋಡುತ್ತಿದ್ದರು, ಮ್ಯಾಟ್ ಎತ್ತುತ್ತಿದ್ದರು, ಅವರು ಬಹುಶಃ — ಈ ವಾಕ್ಯವನ್ನು ನಾನು ಎಂದೂ ಮುಗಿಸಿಲ್ಲ.

ಮೊನ್ನೆ ನೀವು ಫೋನ್ ಮಾಡಿದಿರಿ. ನಿಮ್ಮ ಅತ್ತೆಗೂ ಅದೇ ಕಾಯಿಲೆ, ಸೋಮವಾರ ನಮ್ಮಲ್ಲಿಗೇ ಕರೆತರುತ್ತೇವೆ ಎಂದಿರಿ. "ಬ್ಯಾರೆ ಎಲ್ಲೂ ನೋಡ್ಲಿಲ್ರಿ. ಅಬ್ಬಾನ್ನ ಕೊನೆವರೆಗೂ ನಡೆಸಿದೋರು ನೀವು" ಎಂದಿರಿ. ಆ ಹೆಜ್ಜೆಗಳ ಲೆಕ್ಕವನ್ನು ಫೋನಿನಿಂದ ಇನ್ನೂ ಅಳಿಸಿಲ್ಲವಂತೆ. ಮನಸ್ಸು ಕುಗ್ಗಿದಾಗ ತೆಗೆದು ನೋಡುತ್ತೀರಂತೆ. ನಾನು ಹ್ಞೂಂ ಎಂದೆ. ಹ್ಞೂಂ ಎಂದೆ! ಇದನ್ನು ಹೇಳಿದರೆ ನಿಮಗಿರುವ ಒಂದೇ ಸಮಾಧಾನವನ್ನೂ ಕಸಿದಂತೆ. ಹೇಳದಿದ್ದರೆ ಇನ್ನೊಬ್ಬ ಹಿರಿಯ ಜೀವ ನಾನು ಒಳ್ಳೆಯವಳೆಂಬ ನಂಬಿಕೆಯಿಂದ ಆ ಕೋಣೆಗೆ ಬರುತ್ತದೆ.

ಮ್ಯಾನೇಜರಿಗೆ ಇಂದು ಬೆಳಿಗ್ಗೆ ಎಲ್ಲ ಹೇಳಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಶಾಲೆ ಬಿಡುವ ಹೊತ್ತಿಗೆ ಹರಿಹರಕ್ಕೆ ಬಂದು ನಿಮ್ಮ ಕೈಗೇ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ನಿಮ್ಮ ಅತ್ತೆಯನ್ನು ಎಲ್ಲಿಗೆ ಸೇರಿಸಿದರೂ ಭಾನುವಾರವಷ್ಟೇ ಹೋಗಿ ಸುಮ್ಮನಾಗಬೇಡಿ, ಹೇಳದೆ ಕೇಳದೆ ವಾರದ ನಡುವೆಯೂ ಹೋಗಿ. ಫೋನ್ ನೋಡಬೇಡಿ, ನನ್ನಂಥವರ ಮಾತನ್ನೂ ಕೇಳಬೇಡಿ. ಅವರ ಕೈ ಹಿಡಿದು ನೀವೇ ನಾಲ್ಕು ಹೆಜ್ಜೆ ನಡೆಸಿ ನೋಡಿ. ಎಲ್ಲಾದರೂ ಅವರು ನಿಂತುಬಿಟ್ಟರೆ, ನಗಬೇಡಿ.