ಕಡೆಯ ಸಾಲಿನ ಉಪ್ಪು

ಕಳೆದ ವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ, ತಳದಲ್ಲಿದ್ದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಇಂಗಿನ ವಾಸನೆ. ರಟ್ಟು ಕಿತ್ತು ಹೋಗಿದೆ, ಹಾಳೆಗಳ ಅಂಚಿಗೆಲ್ಲ ಅರಿಶಿನ ಹತ್ತಿದೆ. ತೊಗರಿಬೇಳೆಯ ಪುಟವಂತೂ ಎಣ್ಣೆ ಕುಡಿದು ಕುಡಿದು ಹಿಂದಿನ ಅಕ್ಷರ ಮುಂದೆ ಕಾಣುವಂತಾಗಿದೆ. ಇಷ್ಟು ವರ್ಷ ಬೀಗ ಹಾಕಿಟ್ಟರೂ ಇಂಗು ಹೋಗಿಲ್ಲ ನೋಡಿ...

ಹುಡುಕುವ ಕೆಲಸ ಹಚ್ಚಿದವಳು ನನ್ನ ತಂಗಿಯ ಮಗಳು. ಅಫಜಲಪುರದಲ್ಲಿ ನರ್ಸ್ ಆಗಿದ್ದಾಳೆ, ಒಂದು ಖೋಲಿ ಬಾಡಿಗೆ ಹಿಡಿದಿದ್ದಾಳೆ. ಖಾನಾವಳಿಯ ಊಟ ಸಾಕಾಗಿ ನನಗೆ ಫೋನು ಮಾಡಿ, ಶಾಕಾಹಾರಿ ಅಡಿಗೆಯ ಪುಸ್ತಕವೊಂದನ್ನು ಆರಿಸಿ ಕಳಿಸು ಎಂದಳು. ಫೋನಿನಲ್ಲೇ ನೋಡಿ ಮಾಡಬಹುದಲ್ಲ ಎಂದರೆ, ಕೈಯೆಲ್ಲ ಹಿಟ್ಟಾಗಿರುವಾಗ ವಿಡಿಯೋ ತನ್ನ ಪಾಡಿಗೆ ತಾನು ಮುಂದೆ ಓಡಿಬಿಡುತ್ತದೆ ಎಂದಳು. "ನನಗ ಏನೂ ಬರಂಗಿಲ್ಲ ಅಂತ ತಿಳ್ಕೊಂಡೇ ಆರಿಸು ದೊಡ್ಡವ್ವಾ," ಅಂತ ಒಂದು ಮಾತು ಬೇರೆ. ಆ ಮಾತಿಗೇ ನಾನು ಟ್ರಂಕು ಇಳಿಸಿದ್ದು. ನನ್ನ ಹಳೆಯ ಪುಸ್ತಕ ಕೊಡುವ ಸ್ಥಿತಿಯಲ್ಲಿರಲಿಲ್ಲ, ಹಾಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದಕ್ಕೆ ಇಲ್ಲೇ ನಮ್ಮ ಜೇವರ್ಗಿಯ ಪುಸ್ತಕದಂಗಡಿಗೆ ಹೋದೆ. ಅಂಗಡಿಯವರು ಮಿರಿಮಿರಿ ಮಿಂಚುವ ದಪ್ಪ ಪುಸ್ತಕವೊಂದನ್ನು ಮುಂದಿಟ್ಟು, ಇದೇ ಎಲ್ಲಕ್ಕಿಂತ ಹೆಚ್ಚು ಹೋಗುತ್ತದೆ ಎಂದರು. ನಾನು ನಡುವೆ ಎಲ್ಲೋ ಒಂದು ಪುಟ ತೆರೆದು ಬೆರಳಿಟ್ಟು ಉಪ್ಪು ಹುಡುಕತೊಡಗಿದೆ. ಅವರು ನನ್ನನ್ನು ಒಂಥರಾ ನೋಡಿದರು.

ಈ ಚಟ ಹಚ್ಚಿದವರು ಗಾಣಗಾಪುರದ ಒಬ್ಬ ಹೆಂಗಸು. ಊರೆಲ್ಲ ಅವರನ್ನು ಪುಸ್ತಕದ ಕಾಕು ಎನ್ನುತ್ತಿತ್ತು, ಕಾಕು ಎಂದರೆ ಆ ಕಡೆ ಚಿಕ್ಕಮ್ಮ. ಗುಡಿಯ ಓಣಿಯಲ್ಲಿ ಅವರದೊಂದು ಗೂಡಂಗಡಿಯಂಥ ಅಂಗಡಿ. ಮುಂದೆ ಪಾರಾಯಣದ ಪೋಥಿಗಳು, ಜಪಮಾಲೆ, ಊದಿನಕಡ್ಡಿ. ಹಿಂದಿನ ಸಾಲಿನಲ್ಲಿ ಅಡಿಗೆಯ ಪುಸ್ತಕಗಳು. ದೇವರ ಊರಿನಲ್ಲಿ ಅಡಿಗೆಯ ಪುಸ್ತಕ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನನ್ನಂಥವರಿಗೆ ಬೇಕಾಗುತ್ತಿತ್ತು!

ನಾನು ಆಳಂದದವಳು. ಅವ್ವ ಬೇಗ ತೀರಿಕೊಂಡಳು, ಬೆಳೆದದ್ದೆಲ್ಲ ಹಾಸ್ಟೆಲ್ಲಿನಲ್ಲಿ. ಒಲೆ ಹಚ್ಚುವುದಷ್ಟೇ ಗೊತ್ತಿತ್ತು, ಅದರ ಮೇಲೆ ಏನಿಡಬೇಕೆಂದು ಗೊತ್ತಿರಲಿಲ್ಲ. ಗಾಣಗಾಪುರದಲ್ಲಿ ಮೆಡಿಕಲ್ ಅಂಗಡಿ ಇಟ್ಟವರ ಮನೆಗೆ ಸೊಸೆಯಾಗಿ ಹೋದೆ. ಅತ್ತೆ ಗಟ್ಟಿಗಿತ್ತಿ, ಅಡಿಗೆಮನೆಗೆ ನನ್ನನ್ನು ಬಿಟ್ಟುಕೊಳ್ಳುತ್ತಲೇ ಇರಲಿಲ್ಲ, ನಾನೂ ಪುಣ್ಯ ಎಂದುಕೊಂಡು ಹಾಯಾಗಿದ್ದೆ. ಮೂರು ತಿಂಗಳೂ ಆಗಿರಲಿಲ್ಲ, ಅತ್ತೆ ಸಂಗಮಕ್ಕೆ ಸ್ನಾನಕ್ಕೆ ಹೋದವರು ಪಾವಟಿಗೆಯ ಮೇಲೆ ಜಾರಿಬಿದ್ದು ಬಲಗೈ ಮುರಿದುಕೊಂಡು ಬಂದರು. ಅಲ್ಲಿಗೆ ನನ್ನ ಹಾಯಿ ಮುಗಿಯಿತು.

ಬರೀ ಮನೆಯವರ ಊಟವಾಗಿದ್ದರೆ ಹೇಗೋ ಆಗುತ್ತಿತ್ತು, ಖಾನಾವಳಿಯಿಂದ ಡಬ್ಬಿ ತರಿಸಬಹುದಿತ್ತು. ಆದರೆ ಆ ಊರಿನಲ್ಲಿ ಮಧ್ಯಾಹ್ನವಾದರೆ ಯಾತ್ರೆಗೆ ಬಂದವರು ಜೋಳಿಗೆ ಹಿಡಿದು ಮನೆಮನೆಯ ಬಾಗಿಲಿಗೆ ಬರುತ್ತಾರೆ. ಅದಕ್ಕೆ ಮಧುಕರಿ ಎನ್ನುತ್ತಾರೆ. ದತ್ತಾತ್ರೇಯನೇ ಯಾವುದಾದರೂ ರೂಪದಲ್ಲಿ ಬಂದು ಬೇಡಿಯಾನು ಎಂಬ ನಂಬಿಕೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಆ ಹೊತ್ತಿಗೆ ಬಾಗಿಲು ಮುಚ್ಚಿದ್ದಿಲ್ಲ. ಹಾಕುವುದು ಮನೆಯಲ್ಲಿ ಬೇಯಿಸಿದ್ದೇ ಆಗಬೇಕು. ಹಾಕುವ ಮುಂಚೆ ಯಾರೂ ನಾಲಿಗೆಗೆ ಹಚ್ಚಿ ರುಚಿ ನೋಡುವ ಹಾಗಿಲ್ಲ. ಅತ್ತೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವರೇ ನನ್ನನ್ನು ಹತ್ತಿರ ಕೂಡಿಸಿಕೊಂಡರು.

"ಈ ಬಾಗಲ್ದಾಗ ನಿಂತು ಮುಂದಕ್ಕ ಹೋಗ್ರಿ ಅಂತ ನಮ್ಮತ್ತಿ ಅಂದಿಲ್ಲ, ನಾನೂ ಅಂದಿಲ್ಲ. ನೀ ಅನಬ್ಯಾಡ ಬೇ. ಹೊತ್ತಿದ್ರೂ ಅಡ್ಡಿಯಿಲ್ಲ, ನಿನ್ನ ಕೈಯಾರೆ ಮಾಡಿ ಹಾಕು."

ಗದರಿದ್ದರೆ ಎದುರು ಮಾತಾಡುತ್ತಿದ್ದೆನೇನೋ. ಅವರ ಕಣ್ಣಲ್ಲಿ ನೀರಿತ್ತು. ಸಂಜೆಯೇ ಓಡಿದೆ, ಕಾಕುವಿನ ಅಂಗಡಿಗೆ.

ಕಾಕು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಪುಸ್ತಕ ಬೇಕಿರುವುದು ಅಡಿಗೆ ಮಾಡಲಿಕ್ಕೋ ಟೇಬಲ್ಲಿನ ಮೇಲೆ ಇಡಲಿಕ್ಕೋ ಎಂದು ಕೇಳಿದರು. ಜೋಳದ ಭಕ್ರಿ ಬಡಿಯಲಿಕ್ಕೂ ಬರುವುದಿಲ್ಲ ಎಂದು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ ಅವರು ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದೊಂದೇ ಪುಸ್ತಕ ತೆಗೆಯುವುದು, ನಡುವೆ ಎಲ್ಲೋ ತೆರೆಯುವುದು, ಒಂದೇ ಒಂದು ಸಾಲು ಓದುವುದು, ಪಕ್ಕಕ್ಕೆ ಒಗೆಯುವುದು. 'ಹದವಾಗಿ ಹುರಿಯಿರಿ' ಎಂದಿದ್ದ ಪುಸ್ತಕ ಹೋಯಿತು. ಹದ ಗೊತ್ತಿದ್ದವಳು ಪುಸ್ತಕ ಕೊಳ್ಳಲು ಯಾಕೆ ಬರುತ್ತಾಳೆ ಎಂದು ಬೈದರು, ಬರೆದವರನ್ನು, ನನ್ನನ್ನಲ್ಲ. ಇನ್ನೊಂದರಲ್ಲಿ ಬರೀ ಅಕ್ಕಿಯ ಅಡಿಗೆ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಬೇಕೆಂಬ ಸುದ್ದಿಯೇ ಇಲ್ಲ. ಮತ್ತೊಂದರ ರಟ್ಟಿನ ಮೇಲೆ ಹಸಿರು ಅಕ್ಷರದಲ್ಲಿ ಶುದ್ಧ ಶಾಕಾಹಾರ ಎಂದಿತ್ತು, ಒಳಗೆ ಪುಟಪುಟಕ್ಕೂ ಉಳ್ಳಾಗಡ್ಡಿ ಬೆಳ್ಳುಳ್ಳಿ. ಮಧುಕರಿಗೆ ಅವೆರಡೂ ನಡೆಯುವುದಿಲ್ಲ. ಅವರಿಗೆ ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು 'ರುಚಿಗೆ ತಕ್ಕಷ್ಟು ಉಪ್ಪು' ಎಂಬ ಮಾತಿಗೆ.

"ನೋಡಲಾರದ ರುಚಿಗೆ ತಕ್ಕಷ್ಟು ಎಲ್ಲಿಂದ ತರ್ತಿ? ಚಮಚಾದ ಲೆಕ್ಕ ಹೇಳಬೇಕು ಪುಸ್ತಕ. ಈ ಊರಾಗ ಕಣ್ಣು ಮುಚ್ಚಿ ಅಡಿಗಿ ಮಾಡಬೇಕಾಗ್ತದ, ಮಗಳ."

ಕೊನೆಗೆ ಒಂದು ಪುಸ್ತಕ ಉಳಿಯಿತು. ಎದೆಗೆ ಅವಚಿಕೊಂಡು ಮನೆಗೆ ಬಂದೆ.

ಮರುದಿನ ಮಧ್ಯಾಹ್ನ. ಭಕ್ರಿಗಳು ಆಳಂದ ತಾಲೂಕಿನ ನಕಾಶೆಯ ಹಾಗೆ ಆಗಿದ್ದವು, ಬೇಳೆ ಮಾತ್ರ ಹಳದಿಯಾಗಿ ಘಮಘಮ ಎನ್ನುತ್ತಿತ್ತು. ಬಾಗಿಲಲ್ಲಿ "ಭವತಿ ಭಿಕ್ಷಾಂ ದೇಹಿ" ಎಂದು ಕೇಳಿಸಿತು. ತಟ್ಟೆ ಹಿಡಿದು ಹೊರಗೆ ಬಂದರೆ, ಜೋಳಿಗೆ ಒಡ್ಡಿ, ಕೈಯಲ್ಲಿ ಬೋಗುಣಿ ಹಿಡಿದು ನಿಂತವರು ಪುಸ್ತಕದ ಕಾಕು! ಜೋಳಿಗೆಗೆ ಭಕ್ರಿ, ಬೋಗುಣಿಗೆ ಬೇಳೆ ಹಾಕಿದೆ. ಅವರು ತಲೆಬಾಗಿ ಇಸಿದುಕೊಂಡು, ಪರಿಚಯವೇ ಇಲ್ಲದವರ ಹಾಗೆ ಹೋದರು. ಒಳಗೆ ಬಂದು ಅತ್ತೆಯನ್ನು ಕೇಳಿದೆ. ಕಾಕು ತಮಗಾಗಿ ಒಲೆ ಹಚ್ಚಿದವರೇ ಅಲ್ಲ, ಎಷ್ಟೋ ವರ್ಷದಿಂದ ಮಧುಕರಿಯ ಮೇಲೆಯೇ ಇದ್ದಾರೆ, ಅದು ಅವರ ವ್ರತ ಎಂದರು ಅತ್ತೆ. ವ್ರತ ಹಿಡಿದವರು ಹಾಕಿದ್ದನ್ನು ಉಣ್ಣಬೇಕು, ಚೆನ್ನಾಗಿದೆ ಎಂದಾಗಲಿ ಕೆಟ್ಟಿದೆ ಎಂದಾಗಲಿ ಬಾಯಿ ಬಿಡಬಾರದು.

ಆಮೇಲೆ ನಾವು ಉಣ್ಣಲು ಕೂತೆವು. ಮೊದಲ ತುತ್ತಿಗೇ ನನ್ನ ಯಜಮಾನರು ಉಪ್ಪಿನಕಾಯಿ ಕೇಳಿದರು. ಎರಡನೆಯ ತುತ್ತಿಗೆ ಮತ್ತೆ ಕೇಳಿದರು. ಬೇಳೆಗೆ ಉಪ್ಪೇ ಬಿದ್ದಿರಲಿಲ್ಲ! ಓಡಿಹೋಗಿ ಪುಸ್ತಕ ನೋಡಿದೆ. ಚಮಚದ ಲೆಕ್ಕ ಸರಿಯಾಗಿಯೇ ಕೊಟ್ಟಿದ್ದರು, ಎಲ್ಲ ಮುಗಿದ ಮೇಲೆ, ಕಡೆಯ ಸಾಲಿನಲ್ಲಿ. ಬೇಳೆ ಉಕ್ಕುವ ಗಡಿಬಿಡಿಯಲ್ಲಿ ಅಲ್ಲಿಯ ತನಕ ನಾನು ಓದಿರಲಿಲ್ಲ. ಅವತ್ತು ಬಾಗಿಲಿಗೆ ಬಂದವರೆಲ್ಲ ಸಪ್ಪೆ ಬೇಳೆ ಉಂಡರು. ದತ್ತಾತ್ರೇಯ ಬಂದಿದ್ದರೆ ಅವನೂ ಉಂಡ. ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಸಂಜೆ ಕಾಕುವಿನಿಂದ ಬುಲಾವು ಬಂತು, ಪುಸ್ತಕ ತೆಗೆದುಕೊಂಡು ಬರಬೇಕಂತೆ. ನನ್ನ ಬೇಳೆ ಹೇಗಿತ್ತೆಂಬ ಮಾತೇ ಎತ್ತಲಿಲ್ಲ ಅವರು. ಪುಸ್ತಕ ಇಸಿದುಕೊಂಡು, ಆ ಪುಟ ತೆರೆದು, ನೇರವಾಗಿ ಕಡೆಯ ಸಾಲಿನ ಮೇಲೆ ಬೆರಳಿಟ್ಟರು.

"ಕಲಿಯೋರ ಪುಸ್ತಕದಾಗ ಉಪ್ಪು ಇಲ್ಲಿ ಇರಬಾರದು. ಬ್ಯಾಳಿ ಉಕ್ಕಾಕತ್ತಾಗ ಯಾರು ಇಲ್ಲೀತನಕ ಓದ್ತಾರ? ಆರಿಸೂದ್ರಾಗ ನಾನೇ ತಪ್ಪೇನಿ. ಇದು ಬ್ಯಾಡ, ಇದನ್ನ ಒಯ್ಯಿ."

ಕೊಟ್ಟದ್ದು ಈ ತೆಳ್ಳನೆಯ ಪುಸ್ತಕ. ಇದರಲ್ಲಿ ಬೇಳೆ ಬೆಂದ ಸಾಲಿನಲ್ಲೇ ಉಪ್ಪು ಇತ್ತು.

ನಾನು ಬೆರಗಾಗಿ ನಿಂತೆ. ಒಂದು ತುತ್ತು ಉಂಡು, ನಾನು ಯಾವ ಸಾಲು ಓದಿಲ್ಲವೆಂದು ಹೇಳುತ್ತಿದ್ದರು ಆ ಹೆಂಗಸು! ಬರಬರುತ್ತಾ ಅವರ ಕೆಲಸದ ರೀತಿ ತಿಳಿಯಿತು. ಊರಿಗೆ ಬಂದ ಹೊಸ ಸೊಸೆಯಂದಿರಿಗೆ ಪುಸ್ತಕ ಆರಿಸಿ ಕೊಡುವುದು, ಮಧ್ಯಾಹ್ನ ಅವರದೇ ಬಾಗಿಲಲ್ಲಿ ಬೇಡುವುದು, ಬಂದದ್ದನ್ನು ಉಣ್ಣುವುದು. ಭಕ್ರಿ ಹರಿದಿದ್ದರೆ ಹಿಟ್ಟಿಗೆ ಹಾಕುವ ಎಸರಿನ ಮಾತನ್ನು ಬರೆಯದ ಪುಸ್ತಕ ಮರುದಿನ ಸಾಲಿನಿಂದ ಕೆಳಗಿಳಿಯುತ್ತಿತ್ತು. ಪುಂಡಿಪಲ್ಯ ಹುಳಿ ಹೆಚ್ಚಾಗಿದ್ದರೆ ಇನ್ನೊಂದು. ಉಂಡು ನೋಡಿ ಪುಸ್ತಕ ಆರಿಸುವವರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅಷ್ಟಕ್ಕೂ ಒಲೆ ಯಾಕೆ ಬಿಟ್ಟಿರಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಒಲೆಯ ಮುಂದೆ ಕೂತರೆ ಓದಲು ಆಗುವುದಿಲ್ಲ ಎಂದು ನಕ್ಕರು. ಅದು ನಿಜವೋ, ಚೇಷ್ಟೆಯೋ...

ಅತ್ತೆಯ ಕೈ ಕೂಡಿತು. ಆದರೂ ಅಡಿಗೆಮನೆ ನನ್ನದೇ ಆಗಿ ಉಳಿಯಿತು. ಕಾಕು ದಿನಾ ಬಂದರು, ದಿನಾ ಹಾಕಿದೆ. ಒಳಗೊಳಗೆ ನನಗೊಂದು ಆಸೆ. ಒಮ್ಮೆಯಾದರೂ ಅವರ ಬಾಯಿಂದ ಚೆನ್ನಾಗಿದೆ ಎಂದು ಕೇಳಬೇಕು. ಪಲ್ಯ ಹಾಕಿ ಅವರ ಮುಖ ನೋಡುತ್ತಿದ್ದೆ. ಕಲ್ಲಿನಂಥ ಮುಖ, ಏನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಅಂಗಡಿಗೆ ಹೋದರೆ ಲೋಕದ ಮಾತೆಲ್ಲ ಆಡುವರು, ಅದೊಂದು ಮಾತು ಬಿಟ್ಟು. ಎಷ್ಟೋ ಸಲ ನನಗೆ ಸಿಟ್ಟೇ ಬರುತ್ತಿತ್ತು.

ಹೀಗೇ ವರ್ಷಗಳು ಹೋದವು. ಒಂದು ಮಧ್ಯಾಹ್ನ ಬಾಗಿಲಿಗೆ ಹಸಿರು ಬಳೆ ತೊಟ್ಟ ಹೊಸ ಮದುಮಗಳು ಬಂದಳು. ಟವಲನ್ನೇ ಜೋಳಿಗೆ ಮಾಡಿ, ಕೈಯಲ್ಲೊಂದು ಬಟ್ಟಲು ಹಿಡಿದಿದ್ದಳು, ನಾಚಿ ಮುದ್ದೆಯಾಗಿದ್ದಳು. ವಿಚಾರಿಸಿದರೆ, ಗುಡಿಯ ಓಣಿಯ ಕಾಯಿ ಅಂಗಡಿಯವರ ಸೊಸೆ. ಅಡಿಗೆಯ ಪುಸ್ತಕ ಕೇಳಲು ಹೋದರೆ ಕಾಕು ಇತ್ತ ಅಟ್ಟಿದ್ದರಂತೆ. ಏನೆಂದರು ಎಂದು ಕೇಳಿದೆ. ಆ ಹುಡುಗಿ ಬಾಯಿಪಾಠ ಒಪ್ಪಿಸಿದಂತೆ ಒಪ್ಪಿಸಿದಳು.

"ಪುಸ್ತಕ ಆಮ್ಯಾಲ ಕೊಡ್ತೇನಿ, ಮೊದಲ ಮೆಡಿಕಲ್‌ನೋರ ಮನ್ಯಾಗ ಬೇಡಿ ಬ್ಯಾಳಿ ಉಂಡು ಬಾ ಅಂದ್ರು ರೀ. ಎಲ್ಲಿಗೆ ಮುಟ್ಟಬೇಕು ಅನ್ನೋದು ಗೊತ್ತಿಲ್ದ ಪುಸ್ತಕ ತಗೊಂಡು ಏನ್ ಮಾಡ್ತಿ ಅಂದ್ರು ರೀ."

ವ್ರತ ಮುರಿದರೇ ಕಾಕು? ಹೇಗೆ ನೋಡಿದರೂ ಮುರಿದಿರಲಿಲ್ಲ. ಚೆನ್ನಾಗಿದೆ ಎಂದು ಅವರು ಎಲ್ಲಿ ಹೇಳಿದ್ದರು? ಬೇಳೆ ಬಡಿಸುವಾಗ ಆ ಹುಡುಗಿಗೆ ಒಂದು ಸೌಟು ಹೆಚ್ಚೇ ಬಿತ್ತು. ಮರುದಿನ ಕಾಕು ಬಂದಾಗ ಮುಖ ನೋಡಿದೆ. ಅದೇ ಕಲ್ಲು!

ಮುಂದೊಂದು ಮಧ್ಯಾಹ್ನ ಅವರು ಬರಲಿಲ್ಲ. ಹಾಕಿದ ಬೇಳೆ ಆರಿ ಕೆನೆಗಟ್ಟುವ ತನಕ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಆಮೇಲೆ ಯಾರೋ ಬಂದು ಹೇಳಿದರು, ಬೆಳಗಿನ ಜಾವವೇ ತೀರಿಹೋಗಿದ್ದರಂತೆ. ಅಂಗಡಿಯ ಹಿಂದಿನ ಅವರ ಖೋಲಿಗೆ ಹೋಗಿ ನೋಡಿದೆ. ಒಲೆ ಇಲ್ಲ, ಡಬ್ಬಿ ಇಲ್ಲ, ಒಂದು ಹಿಡಿ ಉಪ್ಪೂ ಇಲ್ಲ. ಗೋಡೆಯುದ್ದಕ್ಕೂ ಅಡಿಗೆಯ ಪುಸ್ತಕ. ಅಷ್ಟು ಮನೆಗಳಿಗೆ ಅಡಿಗೆ ಕಲಿಸಿದ ಜೀವ ಅದು.

ಅತ್ತೆಯೂ ತೀರಿಕೊಂಡ ಮೇಲೆ ನಾವು ಜೇವರ್ಗಿಗೆ ಬಂದೆವು. ಕಾಕುವಿನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ತಂಗಿಯ ಮಗಳಿಗೆ ಒಂದು ಪುಸ್ತಕ ಆರಿಸಿ ಕಳಿಸಿದ್ದೇನೆ, ಅಂಗಡಿಯವರು ಬೇಸತ್ತು ಟೀ ಕುಡಿಯಲು ಎದ್ದು ಹೋಗುವಷ್ಟು ಹೊತ್ತು ಹುಡುಕಿ. ಉಪ್ಪು ಅದರ ಜಾಗದಲ್ಲಿದೆ, ಚಮಚದ ಲೆಕ್ಕವೂ ಇದೆ. ಆದರೆ ಅವಳು ಮಾಡಿದ್ದನ್ನು ಉಂಡು, ಆರಿಸಿದ್ದು ಸರಿಯೋ ತಪ್ಪೋ ಎಂದು ನೋಡಲು ನಾನು ಅಫಜಲಪುರಕ್ಕೆ ದಿನಾ ಹೇಗೆ ಹೋಗಲಿ?

ಇವತ್ತೂ ಬೇಳೆ ಮಾಡಿದೆ. ಇಲ್ಲಿ ರುಚಿ ನೋಡಬೇಡ ಎನ್ನುವವರಿಲ್ಲ, ಆದರೂ ನೋಡಲಿಲ್ಲ. ಮಧ್ಯಾಹ್ನ ಬಾಗಿಲು ತೆರೆದೇ ಇತ್ತು. ಹೈವೇ ಮೇಲೆ ಲಾರಿಗಳು ಹೋದವು. ಚೆನ್ನಾಗಿದೆ ಎನ್ನುವವರು ಮನೆ ತುಂಬ ಇದ್ದಾರೆ. ಉಂಡು ಏನೂ ಹೇಳದೆ ಹೋಗುವವರು ಮಾತ್ರ ಇಲ್ಲ.